ನಿನೆವೆಯ ತಲೆಯೆಣಿಕೆ

ಹಳೆಯ ಒಡಂಬಡಿಕೆಯ ಹನ್ನೆರಡು ಕಿರುಪ್ರವಾದಿಗಳ ಗ್ರಂಥಗಳಲ್ಲಿ ಎರಡು ಮಾತ್ರ ಪ್ರಶ್ನೆಯೊಂದರಲ್ಲಿ ಮುಗಿಯುತ್ತವೆ. ಒಂದು ನಹೂಮನದು, ಇನ್ನೊಂದು ಯೋನನದು. ಎರಡು ಪ್ರಶ್ನೆಗಳೂ ಒಂದೇ ಪಟ್ಟಣವನ್ನು ಕುರಿತವು. ಆ ಪಟ್ಟಣ ನಿನೆವೆ, ಅಸ್ಸೀರಿಯ ಸಾಮ್ರಾಜ್ಯದ ಕಡೆಯ ರಾಜಧಾನಿ. ನಿನ್ನ ಕ್ರೌರ್ಯಕ್ಕೆ ತುತ್ತಾಗದವರು ಯಾರಿದ್ದಾರೆಂದು ನಹೂಮನು ಪಟ್ಟಣವನ್ನು ಕೇಳುತ್ತಾನೆ. ಇಷ್ಟೊಂದು ಜನರಿರುವ ಪಟ್ಟಣಕ್ಕಾಗಿ ನಾನು ಮರುಗಬಾರದೇ ಎಂದು ಸರ್ವೇಶ್ವರ ಸ್ವಾಮಿ ಯೋನನನ್ನು ಕೇಳುತ್ತಾರೆ. ಪ್ರಿಯ ಓದುಗರೇ, ಈ ಎರಡು ಪ್ರಶ್ನೆಗಳ ಪಕ್ಕದಲ್ಲಿ ಇಪ್ಪತ್ತನೆಯ ಶತಮಾನದ ಒಂದು ಸಣ್ಣಕಥೆಯನ್ನಿಟ್ಟು ಓದಿದರೆ, ಬೈಬಲ್ಲಿನ ಪುಟಗಳಲ್ಲಿ ಕೇವಲ ಶತ್ರುವಾಗಿ ನಿಂತುಬಿಟ್ಟ ಒಂದು ಜನಾಂಗದ ಮುಖ ನಮಗೆ ಕಾಣಿಸಬಹುದೆಂಬುದು ಈ ಬರಹದ ಆಶಯ.

ಮೊದಲು ನಹೂಮನನ್ನು ನೋಡೋಣ. ಕ್ರಿ.ಪೂ. 663ರಲ್ಲಿ ಅಸ್ಸೀರಿಯರ ಕೈಗೆ ಸಿಕ್ಕಿ ಹಾಳಾದ ಈಜಿಪ್ಟಿನ ಥೀಬ್ಸ್ ನಗರವನ್ನು ಆತ ನೆನೆಯುವುದರಿಂದ ಅವನ ಕಾವ್ಯ ಅದಕ್ಕಿಂತ ಈಚಿನದು. ಹಿಬ್ರೂ ಕಾವ್ಯದಲ್ಲಿ ಇಷ್ಟು ಬಿರುಸಾಗಿ ಓಡುವ ಭಾಗಗಳು ಅಪರೂಪ. ಚಾಟಿಯ ಸದ್ದು, ಗಾಲಿಗಳ ಗಡಗಡ, ಕುದುರೆಗಳ ನೆಗೆತ, ಕಾಲಿಗೆ ತೊಡರುವ ಹೆಣಗಳು ತುಂಡುತುಂಡಾದ ಮಾತುಗಳಲ್ಲಿ ಒಂದರ ಮೇಲೊಂದು ಬಂದು ಬೀಳುತ್ತವೆ. ಈ ಕವಿಗೆ ಯುದ್ಧ ಗೊತ್ತು. ಅವನ ಸಿಟ್ಟು ಎಲ್ಲಿಂದ ಬಂತೆಂದು ತಿಳಿಯಬಯಸುವವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಲಾಕೀಷಿನ ಶಿಲಾಫಲಕಗಳನ್ನು ನೋಡಬೇಕು. ಕ್ರಿ.ಪೂ. 701ರಲ್ಲಿ ಜುದೇಯದ ಲಾಕೀಷ್ ಕೋಟೆಯನ್ನು ಗೆದ್ದ ಸನ್ಹೇರೀಬನು ತನ್ನ ನಿನೆವೆಯ ಅರಮನೆಯ ಒಂದು ಕೋಣೆಯ ಗೋಡೆಗಳ ತುಂಬ ಆ ಗೆಲುವನ್ನೇ ಕೆತ್ತಿಸಿದ. ಗೋಡೆಗೆ ಏರುವ ಇಳಿಜಾರುಗಳು, ಶೂಲಕ್ಕೇರಿಸಿದ ದೇಹಗಳು, ಎತ್ತಿನ ಗಾಡಿಯಲ್ಲಿ ಗಂಟುಮೂಟೆಯೊಂದಿಗೆ ಕೂತ ಹೆಂಗಸರು ಮಕ್ಕಳು, ಇವೆಲ್ಲ ಅಲ್ಲಿವೆ. ಕೆತ್ತಿದವನ ಕೈ ಬಹಳ ನುರಿತದ್ದು. ಆ ನೈಪುಣ್ಯವೇ ನೋಡುವವರನ್ನು ನಡುಗಿಸುತ್ತದೆ.

ಇದೇ ಅರಸನ ದಂಡಯಾತ್ರೆಗಳ ವೃತ್ತಾಂತ ಆರು ಮುಖಗಳ ಮಣ್ಣಿನ ಪಟ್ಟಕದ ಮೇಲೆ ಉಳಿದಿದೆ. 1830ರಲ್ಲಿ ನಿನೆವೆಯಲ್ಲಿ ಸಿಕ್ಕ ಇದಕ್ಕೆ ಟೇಲರ್ ಪಟ್ಟಕವೆಂದು ಹೆಸರು. ಜುದೇಯದ 46 ಕೋಟೆ ಪಟ್ಟಣಗಳನ್ನು ಹಿಡಿದು 2,00,150 ಜನರನ್ನು ಹೊರತಂದೆನೆಂದು ಅದರಲ್ಲಿ ಅರಸ ಹೇಳಿಕೊಳ್ಳುತ್ತಾನೆ. ಆ ಅಂಕಿ ನಿಜವೋ ಉಬ್ಬಿಸಿದ್ದೋ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ನನ್ನ ಗಮನವನ್ನು ಸೆಳೆದದ್ದು ಅದರ ಕೊನೆಯ 150. ಗಡಿಪಾರು ಮಾಡಿದವರನ್ನು ನೂರೈವತ್ತರವರೆಗೂ ಲೆಕ್ಕಹಾಕಿ ಬರೆಸುವ ಆಡಳಿತ ಅದು. ಮನುಷ್ಯರನ್ನು ಎಣಿಸಿದ ಮೇಲೆ ಕುದುರೆ, ಹೇಸರಗತ್ತೆ, ಕತ್ತೆ, ಒಂಟೆ, ದನಕುರಿಗಳನ್ನೂ ಅದು ಅದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ಸಮಾರಿಯದಿಂದ 27 ಸಾವಿರಕ್ಕೂ ಹೆಚ್ಚು ಜನರನ್ನು ಒಯ್ದೆನೆಂದು ಈತನ ತಂದೆ ಸರ್ಗೋನನೂ ಬರೆಸಿದ್ದ. ಉತ್ತರದ ಹತ್ತು ಗೋತ್ರಗಳು ಚರಿತ್ರೆಯಿಂದ ಮರೆಯಾದದ್ದು ಹೀಗೆ. ಈ ಹಿನ್ನೆಲೆಯಲ್ಲಿ ನಹೂಮನ ಸಂಭ್ರಮವನ್ನು ಕ್ರೈಸ್ತ ಮೃದುತ್ವದ ಹೆಸರಿನಲ್ಲಿ ಅಲ್ಲಗಳೆಯುವುದು ಸುಲಭದ ಮಾತಲ್ಲ. ತುಳಿತಕ್ಕೊಳಗಾದವನ ಹಾಡನ್ನು ತುಳಿತವನ್ನೇ ಕಾಣದವರು ತಿದ್ದಲು ಹೋಗಬಾರದು.

ಆದರೂ ಕಾವ್ಯವಾಗಿ ಅದಕ್ಕೊಂದು ಮಿತಿಯಿದೆ. ಅದರಲ್ಲಿ ನಿನೆವೆಯ ಒಬ್ಬ ವ್ಯಕ್ತಿಯೂ ಇಲ್ಲ. ಸಿಂಹದ ಗುಹೆಯಿದೆ, ವೇಶ್ಯೆಯ ರೂಪಕವಿದೆ, ಮಿಡತೆಗಳಿವೆ. ಮನುಷ್ಯರು ಬರುವುದು ಗುಂಪಾಗಿ ಅಥವಾ ಹೆಣಗಳಾಗಿ.

ಯೋನನ ಗ್ರಂಥ ಈ ಕೊರತೆಯನ್ನು ಬೇಕೆಂದೇ ತುಂಬುತ್ತದೆ. ನಮ್ಮಲ್ಲಿ ಯೋನನೆಂದರೆ ಮೀನು. ಧರ್ಮೋಪದೇಶದ ತರಗತಿಯ ಚಿತ್ರಗಳಲ್ಲಿ, ಮಕ್ಕಳ ನಾಟಕಗಳಲ್ಲಿ ಆತ ಮೀನಿನ ಹೊಟ್ಟೆಯಿಂದ ಹೊರಬಂದು ಬೋಧಿಸಿ, ಅರಸನು ಬೂದಿಯಲ್ಲಿ ಕುಳಿತೊಡನೆ ಪರದೆ ಬೀಳುತ್ತದೆ. ಭಾನುವಾರದ ಬಲಿಪೂಜೆಯ ವಾಚನದಲ್ಲೂ ನಾವು ಕೇಳುವುದು ಮೂರನೆಯ ಅಧ್ಯಾಯವನ್ನೇ. ತಪಸ್ಸುಕಾಲದ ಮೊದಲ ವಾರದ ಬುಧವಾರವೂ ಅದೇ ಭಾಗ. ನಾಲ್ಕನೆಯ ಅಧ್ಯಾಯ ಎರಡು ವರ್ಷಕ್ಕೊಮ್ಮೆ ವಾರದ ನಡುವಿನ ಪೂಜೆಯಲ್ಲಿ ಬಂದಾಗ ದೇವಾಲಯದಲ್ಲಿ ಹತ್ತಾರು ಜನರಿದ್ದರೆ ಹೆಚ್ಚು. ಕಥೆಯ ಜೀವವಿರುವುದು ಅಲ್ಲಿಯೇ. ಪಟ್ಟಣ ಉಳಿಯಿತೆಂದು ಪ್ರವಾದಿ ಮುನಿಸಿಕೊಂಡು ಊರ ಹೊರಗೆ ಗುಡಿಸಲು ಹಾಕಿ ಕೂರುತ್ತಾನೆ. ನೆರಳಿಗೆ ಬೆಳೆದ ಗಿಡ ಹುಳು ಹಿಡಿದು ಒಣಗಿದರೆ ಸಾಯುವಷ್ಟು ಸಂಕಟಪಡುತ್ತಾನೆ. ಆಗ ದೇವರು ಒಂದು ಲೆಕ್ಕ ಒಪ್ಪಿಸುತ್ತಾರೆ: ಬಲಗೈ ಎಡಗೈಗಳ ಭೇದವರಿಯದ 1,20,000ಕ್ಕೂ ಹೆಚ್ಚು ಜನರು, ಅಷ್ಟಲ್ಲದೆ ಬಹಳ ಜಾನುವಾರುಗಳು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸನ್ಹೇರೀಬನ ಪಟ್ಟಿಯಲ್ಲಿದ್ದಂತೆಯೇ ಇಲ್ಲಿಯೂ ಮೊದಲು ಮನುಷ್ಯರ ಸಂಖ್ಯೆ, ಆಮೇಲೆ ಪ್ರಾಣಿಗಳು. ಯೋನನ ಗ್ರಂಥಕರ್ತನು ಅಂಥ ಶಾಸನವನ್ನು ಕಂಡಿದ್ದನೆಂದು ಹೇಳಲು ಯಾವ ಆಧಾರವೂ ಇಲ್ಲ. ಆದರೆ ಅರಸರ ಲೆಕ್ಕದ ರೀತಿ ಆ ಕಾಲದ ಜಗತ್ತಿಗೆ ಪರಿಚಿತವಾಗಿತ್ತು. ಸೂರೆಯ ಲೆಕ್ಕ ಬರೆಯುವ ಕ್ರಮದಲ್ಲೇ ಇಲ್ಲಿ ಕರುಣೆಯ ಲೆಕ್ಕ ಬರೆಯಲಾಗಿದೆ. ಇನ್ನೂ ಒಂದು ಸಂಗತಿಯಿದೆ. ಕಥೆಯಲ್ಲಿ ಬರುವ ಯೋನನ ಹೆಸರು ಕ್ರಿ.ಪೂ. ಎಂಟನೆಯ ಶತಮಾನದ ಪ್ರವಾದಿಯೊಬ್ಬನದಾದರೂ, ಗ್ರಂಥ ರಚನೆಯಾದದ್ದು ಬಾಬಿಲೋನಿನ ಸೆರೆಯ ನಂತರವೆಂದು ಬಹುತೇಕ ಬೈಬಲ್ ವಿದ್ವಾಂಸರ ಅಭಿಮತ. ಹಾಗಿದ್ದರೆ ಬರೆದವನಿಗೂ ಮೊದಲ ಓದುಗರಿಗೂ ನಿನೆವೆಯ ಗತಿ ಚೆನ್ನಾಗಿ ಗೊತ್ತಿತ್ತು. ಬಾಬಿಲೋನಿಯರೂ ಮೇದ್ಯರೂ ಸೇರಿ ಕ್ರಿ.ಪೂ. 612ರಲ್ಲಿ ಅದನ್ನು ನೆಲಸಮ ಮಾಡಿಯಾಗಿತ್ತು. ಆಗಲೇ ಬೂದಿಯಾಗಿಹೋದ ಶತ್ರುನಗರಕ್ಕಾಗಿ ಮರುಗಬಾರದೇ ಎಂದು ಈ ಪುಟ್ಟ ಪುಸ್ತಕ ಕೇಳುತ್ತಿದೆ. ಸತ್ತ ಶತ್ರುವನ್ನು ಹಾಡಿ ಹೊಗಳುವುದು ವೀರಕಾವ್ಯಗಳಲ್ಲುಂಟು; ಸತ್ತ ಶತ್ರುವಿನ ಊರಿನ ಮಕ್ಕಳನ್ನೂ ದನಗಳನ್ನೂ ನೆನೆಯುವ ಕಾವ್ಯ ಬಹಳ ಕಡಿಮೆ.

ಸಾಮಾನ್ಯವಾಗಿ ನಮ್ಮ ಪಠ್ಯಗಳಲ್ಲಿ ಅಸ್ಸೀರಿಯರ ಕಥೆ 612ಕ್ಕೆ ಮುಗಿಯುತ್ತದೆ. ಕ್ರಿ.ಪೂ. 401ರಲ್ಲಿ ಆ ದಾರಿಯಲ್ಲಿ ಸೈನ್ಯದೊಡನೆ ಹಾದುಹೋದ ಗ್ರೀಕ್ ಲೇಖಕ ಜೆನೊಫೋನನಿಗೆ ದೊಡ್ಡ ಪಾಳುಗೋಡೆಗಳು ಕಂಡವು; ಅವು ನಿನೆವೆಯವೆಂದು ಹೇಳುವವರು ಸಿಗಲಿಲ್ಲ. ಸಾಮ್ರಾಜ್ಯ ಹೋಯಿತು, ಊರಿನ ಹೆಸರೂ ಮಾಸಿತು, ರೈತರು ಉಳಿದರು. ಅಸ್ಸೀರಿಯ ಸಾಮ್ರಾಜ್ಯವೇ ಆಡಳಿತದ ಅನುಕೂಲಕ್ಕಾಗಿ ಹರಡಿದ ಅರಮಾಯಿಕ್ ಭಾಷೆ ಅವರ ಮನೆಮಾತಾಗಿ ಉಳಿಯಿತು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಅವರು ಶುಭಸಂದೇಶವನ್ನು ಸ್ವೀಕರಿಸಿದರು. ಅದೇ ಭಾಷೆಯ ಸಿರಿಯಾಕ್ ರೂಪದಲ್ಲಿ ನಾಲ್ಕನೆಯ ಶತಮಾನದ ಸಂತ ಎಫ್ರೇಮ್ ಹಾಡಿದರು. ಪೂರ್ವದ ಧರ್ಮಸಭೆಯ ಬೋಧಕರು ಚೀನಾದವರೆಗೂ ಹೋದರು. ಶಿಯಾನ್ ನಗರದಲ್ಲಿ 781ರಲ್ಲಿ ನಿಲ್ಲಿಸಿದ ಶಿಲಾಶಾಸನ ಅದಕ್ಕೆ ಸಾಕ್ಷಿ. 1552ರಲ್ಲಿ ಆ ಸಭೆಯಲ್ಲಿ ಒಡಕು ಮೂಡಿ, ಒಂದು ಭಾಗ ರೋಮಿನೊಡನೆ ಐಕ್ಯಗೊಂಡು ಮುಂದೆ ಕಲ್ದೀಯ ಕಥೋಲಿಕ ಧರ್ಮಸಭೆಯಾಯಿತು. ನಮ್ಮ ನಾಡಿನ ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಧರ್ಮಪ್ರಾಂತ್ಯಗಳ ಸಿರೋ-ಮಲಬಾರ್ ಕುಟುಂಬಗಳು ಕುರ್ಬಾನದಲ್ಲಿ ಬಳಸುವ ಅದ್ದಾಯಿ-ಮಾರಿಯರ ಸ್ತುತಿಯಜ್ಞ ಪ್ರಾರ್ಥನೆ ಆ ನೆಲದ್ದೇ. ನೆರೆಯ ಧರ್ಮಕೇಂದ್ರದ ಪೂಜೆಗೆ ಹೋಗಿಬರುವವರಿಗೆ ಇದು ನೆನಪಿರಲಿ.

ಇಂದಿನವರು ಹಳೆಯ ಅಸ್ಸೀರಿಯರ ವಂಶಜರೇ ಎಂಬ ಪ್ರಶ್ನೆ ವಿದ್ವಾಂಸರಲ್ಲಿ ದೀರ್ಘ ಜಗಳಕ್ಕೆ ಕಾರಣವಾಗಿದೆ. ಆ ಹೆಸರನ್ನು ಅವರಿಗೆ ಅಂಟಿಸಿದ್ದು ಹತ್ತೊಂಬತ್ತನೆಯ ಶತಮಾನದ ಐರೋಪ್ಯರೆಂದು ಕೆಲವರ ವಾದ. ಅವರು ತಮ್ಮನ್ನು ಕರೆದುಕೊಳ್ಳುವ ಸುರಾಯಾ ಎಂಬ ಹೆಸರು ಅಸ್ಸೂರಾಯಾ ಎಂಬುದರ ಸವೆದ ರೂಪವೆಂದು ಇನ್ನು ಕೆಲವರ ವಾದ. 1997ರಲ್ಲಿ ತುರ್ಕಿಯ ಅದಾನಾ ಬಳಿ ಸಿಕ್ಕ ದ್ವಿಭಾಷಾ ಶಾಸನವೊಂದರಲ್ಲಿ ಫಿನೀಷಿಯನ್ ಭಾಗ ಅಶ್ಶೂರ್ ಎಂದಿರುವಲ್ಲಿ ಲುವಿಯನ್ ಭಾಗ ಸುರ ಎಂದಿರುವುದು ಎರಡನೆಯ ಪಕ್ಷಕ್ಕೆ ಬಲ ಕೊಟ್ಟಿದೆ. ಹೆಸರಿನ ಮಟ್ಟಿಗೆ ಅದು ಸಾಕು, ರಕ್ತಸಂಬಂಧಕ್ಕೆ ಸಾಲದು. ಸಂತತಿಯ ವಾದ ಏನೇ ಇರಲಿ, ಅದೇ ನೆಲದಲ್ಲಿ ಅದೇ ನುಡಿಯಾಡುತ್ತ ಬದುಕಿ ತಮ್ಮನ್ನು ಅಸ್ಸೀರಿಯರೆಂದು ಕರೆದುಕೊಳ್ಳುವವರಿಗೆ ಆ ಹೆಸರಿನ ಹಕ್ಕನ್ನು ನಿರಾಕರಿಸುವುದು ಹೊರಗಿನವರ ಕೆಲಸವಲ್ಲ. ಹಲವರು ಕಲ್ದೀಯರೆಂದೋ ಸಿರಿಯಾಕರೆಂದೋ ಕರೆದುಕೊಳ್ಳುತ್ತಾರೆಂಬುದೂ ಅಷ್ಟೇ ನಿಜ.

ಒಂದು ವಿಷಯ ಮಾತ್ರ ಮರೆಯುವಂಥದ್ದಲ್ಲ. ನಿನೆವೆಯ ಅಶ್ಶುರ್ಬನಿಪಾಲನ ಅರಮನೆಯನ್ನೂ ಅಲ್ಲಿದ್ದ ಗ್ರಂಥಭಂಡಾರವನ್ನೂ 1853ರಲ್ಲಿ ಅಗೆದು ತೆಗೆದವನು ಮೊಸೂಲಿನ ಕಲ್ದೀಯ ಮನೆತನದಲ್ಲಿ ಹುಟ್ಟಿದ ಹೊರ್ಮುಜ್ದ್ ರಸ್ಸಾಮ್. ಗಿಲ್ಗಮೇಷ್ ಮಹಾಕಾವ್ಯದ ಜಲಪ್ರಳಯದ ಫಲಕ ಲೋಕಕ್ಕೆ ದೊರೆತದ್ದು ಆ ಭಂಡಾರದಿಂದ. ಕೀರ್ತಿಯ ಬಹುಪಾಲು ಹೆನ್ರಿ ಲೇಯಾರ್ಡನಿಗೆ ಸಂದಿತು. 1849ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಲೇಯಾರ್ಡನು ಕಲ್ಲಿನ ಅಸ್ಸೀರಿಯರ ಜೊತೆಗೆ ಜೀವಂತ ಅಸ್ಸೀರಿಯರನ್ನೂ ವರ್ಣಿಸಿದ್ದಾನೆ. 1843ರ ಕಗ್ಗೊಲೆಯಲ್ಲಿ ಸತ್ತವರ ಮೂಳೆಗಳು ಹಕ್ಕಾರಿ ಬೆಟ್ಟಗಳ ಲಿಜಾನ್ ಕಣಿವೆಯಲ್ಲಿ ಇನ್ನೂ ಹರಡಿ ಬಿದ್ದಿದ್ದನ್ನು ಆತ ಕಂಡಿದ್ದ. ಲಂಡನ್ನಿನ ಓದುಗರು ರೆಕ್ಕೆಯಿರುವ ಕಲ್ಲಿನ ಗೂಳಿಗಳನ್ನು ಮೆಚ್ಚಿ ಆ ಪುಟಗಳನ್ನು ಮಗುಚಿಹಾಕಿದರೇನೋ.

1915ರಲ್ಲಿ ಬಂದದ್ದನ್ನು ಅವರ ಭಾಷೆಯಲ್ಲಿ ಸೈಫೋ, ಅಂದರೆ ಖಡ್ಗ, ಎನ್ನುತ್ತಾರೆ. ಒಟ್ಟೊಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯರ ಮೇಲೆ ನಡೆದ ನರಮೇಧದ ಜೊತೆಜೊತೆಗೇ ಸಿರಿಯಾಕ್ ಕ್ರೈಸ್ತರ ಮೇಲೂ ಅದು ನಡೆಯಿತು. ಎರಡೂವರೆ ಲಕ್ಷ ಜನ ಸತ್ತರೆಂದು 1919ರ ಶಾಂತಿ ಸಮ್ಮೇಳನದ ಮುಂದೆ ಅವರ ಪ್ರತಿನಿಧಿಗಳು ಹೇಳಿದರು. 1918ರ ಮಾರ್ಚಿನಲ್ಲಿ ಪೇಟ್ರಿಯಾರ್ಕ್ ಮಾರ್ ಬೆನ್ಯಾಮಿನ್ ಶಿಮೂನರನ್ನು ಮಾತುಕತೆಗೆ ಕರೆದು ಕೊಂದರು. ಉಳಿದವರು ಪರ್ಷಿಯಾದಿಂದ ನಡೆದು ಬಾಗ್ದಾದಿನ ಬಳಿಯ ಬಕೂಬಾ ಶಿಬಿರ ಸೇರಿದರು. ಇರಾಕು 1932ರಲ್ಲಿ ಸ್ವತಂತ್ರವಾದ ಮರುವರ್ಷದ ಆಗಸ್ಟಿನಲ್ಲಿ ಸಿಮೆಲೆ ಎಂಬ ಹಳ್ಳಿಯಲ್ಲಿ, ಸುತ್ತಲಿನ ಊರುಗಳಲ್ಲಿ, ನಿರಾಯುಧರಾಗಿದ್ದ ಅಸ್ಸೀರಿಯರನ್ನು ಆ ದೇಶದ ಸೈನ್ಯವೇ ಕೊಂದಿತು. ಬ್ರಿಟಿಷರ ಅಂದಾಜು ಸುಮಾರು 600, ಅಸ್ಸೀರಿಯರ ಲೆಕ್ಕ 3,000. ತರುಣ ಪೇಟ್ರಿಯಾರ್ಕ್ ಮಾರ್ ಎಶಾಯಿ ಶಿಮೂನರ ಪೌರತ್ವವನ್ನು ಕಿತ್ತುಕೊಂಡು ಅವರನ್ನು ಸೈಪ್ರಸ್ಸಿಗೆ ಗಡಿಪಾರು ಮಾಡಿದರು.

ಆ ಪೇಟ್ರಿಯಾರ್ಕರು ಹುಟ್ಟಿದ 1908ರಲ್ಲೇ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪಟ್ಟಣದಲ್ಲಿ, ಅರ್ಮೇನಿಯದಿಂದ ವಲಸೆ ಬಂದ ಮನೆಯಲ್ಲಿ ವಿಲಿಯಂ ಸರೋಯನ್ ಹುಟ್ಟಿದ್ದ. 1934ರಲ್ಲಿ ಬಂದ ಅವನ ಮೊದಲ ಕಥಾಸಂಕಲನದಲ್ಲಿ ‘ಎಪ್ಪತ್ತು ಸಾವಿರ ಅಸ್ಸೀರಿಯರು’ ಎಂಬ ಕಥೆಯಿದೆ. ಅದರಲ್ಲಿ ಹೇಳಿಕೊಳ್ಳುವಂಥ ಘಟನೆಯೇ ಇಲ್ಲ. ಕೈಯಲ್ಲಿ ಕಾಸಿಲ್ಲದ ತರುಣ ಲೇಖಕನೊಬ್ಬ ನಲವತ್ತು ದಿನಗಳಿಂದ ಬೆಳೆದ ಕೂದಲನ್ನು ಕತ್ತರಿಸಿಕೊಳ್ಳಲು ಸ್ಯಾನ್ ಫ್ರಾನ್ಸಿಸ್ಕೋದ ಅಗ್ಗದ ಕ್ಷೌರಶಾಲೆಗೆ ಹೋಗುತ್ತಾನೆ. ಹೊಸಬರು ಕ್ಷೌರ ಕಲಿಯುವ ಜಾಗ ಅದು, ಹದಿನೈದು ಸೆಂಟಿಗೆ ಕೆಲಸ ಮುಗಿಯುತ್ತದೆ. ಅವನ ತಲೆ ಥಿಯೊಡೋರ್ ಬದಾಲ್ ಎಂಬವನ ಕೈಗೆ ಬರುತ್ತದೆ. ನೀನು ಅರ್ಮೇನಿಯದವನೇ ಎಂಬ ಪ್ರಶ್ನೆಗೆ, ಅಲ್ಲ, ನಾನು ಅಸ್ಸೀರಿಯದವನು ಎಂಬ ಉತ್ತರ. ಮುಂದಿನದೆಲ್ಲ ಕತ್ತರಿಯ ಸದ್ದಿನ ನಡುವಿನ ಮಾತು. ನಾವೊಂದು ಕಾಲಕ್ಕೆ ದೊಡ್ಡವರಾಗಿದ್ದೆವು, ಈಗ ನಾನು ಪ್ರಾಚೀನ ಚರಿತ್ರೆಯ ಪಾಠ ಎನ್ನುವ ಧಾಟಿಯಲ್ಲಿ ಬದಾಲ್ ಮಾತಾಡುತ್ತಾನೆ. ಭಾಷೆಯನ್ನು ಓದಲು ಕಲಿತಿಲ್ಲ, ಕಲಿತು ಮಾಡುವುದೇನು? ಅಪ್ಪ ಇನ್ನೂ ತಮ್ಮ ನುಡಿಯ ಪತ್ರಿಕೆ ಓದುತ್ತಾನೆ, ಅವನೂ ಇನ್ನೆಷ್ಟು ದಿನ? ಲೋಕದಲ್ಲಿ ಉಳಿದಿರುವವರು ಎಪ್ಪತ್ತು ಸಾವಿರ, ಅವರನ್ನೂ ಕೊಲ್ಲುತ್ತಿದ್ದಾರೆ. ಸಿಮೆಲೆಯ ಹೆಸರನ್ನು ಕಥೆ ಹೇಳುವುದಿಲ್ಲ, ಅದರ ಹಸಿ ನೆತ್ತರು ಮಾತ್ರ ಆ ವಾಕ್ಯದಲ್ಲಿದೆ.

ಕಥೆಯ ಅತ್ಯಂತ ಗಹನವಾದ ಜಾಗವನ್ನು ಬಹಳ ಓದುಗರು ಗಮನಿಸದೆ ದಾಟಿಬಿಡುತ್ತಾರೆಂದು ನನ್ನ ಎಣಿಕೆ. ನಾವು ತಪ್ಪು ದಾರಿ ಹಿಡಿದೆವು ಎಂದು ಬದಾಲ್ ಒಂದೆಡೆ ಹೇಳುತ್ತಾನೆ. ಶಾಂತಿ, ಸಂಸಾರ ಎಂಬ ಸರಳ ಸಂಗತಿಗಳಿಗೆ ಜೋತುಬಿದ್ದೆವಂತೆ. ಯಂತ್ರಗಳ, ದಂಡಯಾತ್ರೆಗಳ, ಸೈನಿಕಬಲದ ಗೋಜಿಗೆ ಹೋಗಲಿಲ್ಲವಂತೆ. ಈ ಮಾತನ್ನಾಡುವವನು ಸನ್ಹೇರೀಬನ ಹೆಸರಿನ ಉತ್ತರಾಧಿಕಾರಿ! ಲಾಕೀಷಿನ ಶಿಲಾಫಲಕಗಳಲ್ಲಿ ಕಾಣುವ ಮುತ್ತಿಗೆ ಯಂತ್ರಗಳ ಜನಾಂಗದವನು! ಸರೋಯನ್ ಇಲ್ಲಿ ನಗುವುದಿಲ್ಲ, ತಿದ್ದುವುದೂ ಇಲ್ಲ. ಇದನ್ನು ಕ್ಷೌರಿಕನ ಅಜ್ಞಾನವೆಂದು ಓದುವುದು ಸರಿಯಲ್ಲ. ಬದಾಲನ ನೆನಪು ತಲುಪುವಷ್ಟು ದೂರ ಅವನ ಜನರಿಗೆ ಅರಸನಿಲ್ಲ, ಸೈನ್ಯವಿಲ್ಲ; ಪರ್ಷಿಯರ, ಅರಬರ, ಮಂಗೋಲರ, ತುರ್ಕರ ಕೆಳಗೆ ಹಳ್ಳಿಗಳಲ್ಲಿ ಕುರಿ ಕಾಯುತ್ತ, ದೇವಾಲಯದ ಗಂಟೆಗೆ ಬಾಳು ಹೊಂದಿಸಿಕೊಂಡು ಬದುಕಿದ ಸಾವಿರದೈನೂರು ವರ್ಷಗಳು ಅವು. ನಹೂಮನ ನಿನೆವೆಯೂ ಬದಾಲನ ಹಳ್ಳಿಯೂ ಒಂದೇ ಹೆಸರಿನ ಕೆಳಗಿವೆ. ಕಲ್ಲಿನ ಮೇಲೆ ಕೆತ್ತಿದ್ದು ಅರಸನ ಅಸ್ಸೀರಿಯ. ಬಲಗೈ ಎಡಗೈ ತಿಳಿಯದ ಲಕ್ಷ ಜನರ ಅಸ್ಸೀರಿಯಕ್ಕೆ ಶಾಸನವಿಲ್ಲ. ಅದರ ಒಂದು ದನಿ ಕ್ಷೌರದಂಗಡಿಯಲ್ಲಿ ಕೇಳಿಸಿದೆ.

ಕಥೆಯನ್ನು ಸಂಪೂರ್ಣವಾಗಿ ಒಪ್ಪಲು ನನಗೆ ಸಾಧ್ಯವಾಗಿಲ್ಲ. ಸರೋಯನ್ನನಿಗೆ ತನ್ನನ್ನು ಕುರಿತು ಮಾತಾಡುವ ಚಪಲ ಹೆಚ್ಚು. ಅರ್ಧ ಕಥೆ ಕಥೆ ಬರೆಯುವುದು ಹೇಗೆಂಬುದರಲ್ಲಿ, ತಾನೆಂಥ ಬರಹಗಾರ ಎಂಬುದರಲ್ಲಿ ಕಳೆದುಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕೊನೆಯಲ್ಲಿದೆ. ಜನಾಂಗಗಳನ್ನು ಪಕ್ಕಕ್ಕಿಟ್ಟು ಮನುಷ್ಯನನ್ನು ಮಾತ್ರ ಕಾಣುವೆನೆಂದು ನಿರೂಪಕ ಘೋಷಿಸಿ, ಬದಾಲ್ ಒಬ್ಬನಲ್ಲೇ ಎಪ್ಪತ್ತು ಸಾವಿರವನ್ನೂ ಕಾಣುತ್ತಾನೆ. ಮಾತು ಹೃದ್ಯವಾಗಿದೆ. ಆದರೆ ಬದಾಲ್ ಸಂಕಟಪಟ್ಟದ್ದು ನಿರ್ದಿಷ್ಟವಾದ ಒಂದು ಭಾಷೆಗಾಗಿ, ನಿರ್ದಿಷ್ಟವಾದ ಊರುಗಳಿಗಾಗಿ, ತನ್ನಪ್ಪನ ಪತ್ರಿಕೆಗಾಗಿ. ಅವನ ನಷ್ಟವನ್ನು ‘ಮಾನವಕುಲ’ದ ಅಕ್ಕರೆಯೊಳಗೆ ಕರಗಿಸಿಬಿಟ್ಟರೆ ಅವನಿಗೆ ಉಳಿಯುವುದೇನು? ನಮ್ಮ ಪ್ರಬೋಧನೆಗಳಲ್ಲೂ ಈ ಜಾಣತನ ಆಗಾಗ ನುಸುಳುತ್ತದೆ. ಯೋನನ ಗ್ರಂಥದಲ್ಲಿ ದೇವರು ಹಾಗೆ ಮಾಡುವುದಿಲ್ಲ. ಅವರು ಊರಿನ ಹೆಸರು ಹೇಳುತ್ತಾರೆ, ತಲೆ ಎಣಿಸುತ್ತಾರೆ, ದನಗಳನ್ನೂ ಬಿಡುವುದಿಲ್ಲ.

ಬದಾಲನ ಭವಿಷ್ಯವಾಣಿ ಅರ್ಧ ಸುಳ್ಳಾಯಿತು. ಭಾಷೆ ಸಾಯಲಿಲ್ಲ. ಶಿಕಾಗೋ, ಡೆಟ್ರಾಯಿಟ್, ಸಿಡ್ನಿ, ಸ್ವೀಡನ್ನಿನ ಸೋಡರ್‌ಟೆಲ್ಯೆಗಳಲ್ಲಿ ದೇವಾಲಯಗಳೂ ಪತ್ರಿಕೆಗಳೂ ಹುಟ್ಟಿಕೊಂಡವು. ಉತ್ತರ ಇರಾಕಿನ ಶಾಲೆಗಳಲ್ಲಿ 1990ರ ದಶಕದಿಂದ ಮಕ್ಕಳು ಸಿರಿಯಾಕ್ ಕಲಿತರು. 1994ರ ನವೆಂಬರಿನಲ್ಲಿ ಜಗದ್ಗುರು ದ್ವಿತೀಯ ಜಾನ್ ಪೌಲರೂ ಮಾರ್ ದಿನ್ಖಾರೂ ಕ್ರಿಸ್ತನ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿ, ಹದಿನೈದು ಶತಮಾನಗಳ ಒಂದು ಮನಸ್ತಾಪವನ್ನು ತಿಳಿಗೊಳಿಸಿದರು. ಉಳಿದರ್ಧ ನಿಜವಾಯಿತು. 2003ಕ್ಕೆ ಮೊದಲು ಇರಾಕಿನಲ್ಲಿ ಹತ್ತು ಲಕ್ಷಕ್ಕೂ ಮೀರಿದ್ದ ಕ್ರೈಸ್ತರು ಈಗ ಎರಡೂವರೆ ಲಕ್ಷಕ್ಕಿಂತ ಹೆಚ್ಚಿರಲಾರರೆಂದು ಅಂದಾಜು. 2008ರ ತಪಸ್ಸುಕಾಲದಲ್ಲಿ ಮೊಸೂಲಿನ ಮಹಾಧರ್ಮಾಧ್ಯಕ್ಷ ಪೌಲೋಸ್ ಫರಾಜ್ ರಹ್ಹೋರವರನ್ನು ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ಹೊರಟಾಗ ಅಪಹರಿಸಿದರು, ಎರಡು ವಾರಗಳ ನಂತರ ಪಾರ್ಥಿವ ಶರೀರ ಸಿಕ್ಕಿತು. 2014ರ ಜುಲೈಯಲ್ಲಿ ಐಸಿಸ್ ಉಗ್ರರು ಮೊಸೂಲಿನ ಕ್ರೈಸ್ತರ ಮನೆಗಳ ಮೇಲೆ ‘ನೂನ್’ ಎಂಬ ಅರಬ್ಬಿ ಅಕ್ಷರ ಬರೆದು ಅವರನ್ನು ಹೊರಗಟ್ಟಿದರು. ಸಿಮೆಲೆಯಿಂದ ಓಡಿಹೋದವರು ಸಿರಿಯಾದ ಖಾಬೂರ್ ನದಿದಂಡೆಯಲ್ಲಿ ಕಟ್ಟಿಕೊಂಡಿದ್ದ ಹಳ್ಳಿಗಳಿಗೆ 2015ರ ಫೆಬ್ರವರಿಯಲ್ಲಿ ಅದೇ ಗುಂಪು ನುಗ್ಗಿ ಇನ್ನೂರಕ್ಕೂ ಹೆಚ್ಚು ಜನರನ್ನು ಒಯ್ದಿತು. ಅಜ್ಜಂದಿರ ಕಥೆ ಮೊಮ್ಮಕ್ಕಳಿಗೂ ಬಂತು.

ಅಸ್ಸೀರಿಯ, ಕಲ್ದೀಯ ಧರ್ಮಸಭೆಗಳಲ್ಲಿ ಮಹಾ ತಪಸ್ಸಿಗೆ ಮೂರು ವಾರ ಮುಂಚೆ ‘ನಿನೆವೆಯವರ ಬಿನ್ನಹ’ವೆಂಬ ಮೂರು ದಿನಗಳ ಉಪವಾಸವಿದೆ. ಕೇರಳದಲ್ಲಿ ಇದನ್ನು ಮೂನ್ನು ನೋಯಂಬು ಎನ್ನುತ್ತಾರೆ. ಕುರವಿಲಂಗಾಡಿನಲ್ಲಿ ಆಗ ಯೋನನ ನೆನಪಿಗೆ ಮರದ ಹಡಗನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ನಾವೆಲ್ಲ ಈ ಗ್ರಂಥವನ್ನು ಹಡಗಿನ ಕಡೆಯಿಂದ, ಪ್ರವಾದಿಯ ಹೆಗಲ ಮೇಲಿಂದ ಓದುತ್ತೇವೆ. ನಿನೆವೆ ಬಯಲಿನ ಕ್ರೈಸ್ತರು ಮಾತ್ರ ಪಟ್ಟಣದ ಒಳಗಿನಿಂದ ಓದುತ್ತಾರೆ. ಗೋಣಿತಟ್ಟು ಉಟ್ಟವರು ತಮ್ಮ ಹಿರಿಯರು, ಎಣಿಕೆಗೆ ಸಿಕ್ಕ ತಲೆಗಳು ತಮ್ಮವು ಎಂಬುದು ಅವರ ನಂಬಿಕೆ. ಏಳನೆಯ ಶತಮಾನದಲ್ಲಿ ಐದೇ ತಿಂಗಳು ನಿನೆವೆಯ ಧರ್ಮಾಧ್ಯಕ್ಷರಾಗಿದ್ದು ಏಕಾಂತಕ್ಕೆ ಹೊರಟುಹೋದ ಇಸಾಕರು, ಹಕ್ಕಿ ಮೃಗಗಳಿಗಾಗಿ, ದೆವ್ವಗಳಿಗಾಗಿಯೂ ಕಣ್ಣೀರಿಡುವ ಹೃದಯವನ್ನು ಕುರಿತು ಬರೆದದ್ದು ಈ ಪರಂಪರೆಯೊಳಗಿನಿಂದಲೇ. ಜಗದ್ಗುರು ಫ್ರಾನ್ಸಿಸರು 2024ರ ನವೆಂಬರಿನಲ್ಲಿ ಅವರ ಹೆಸರನ್ನು ರೋಮನ್ ಸಂತಚರಿತ ಪಟ್ಟಿಗೆ ಸೇರಿಸಿದರು.

ಎರಡು ಸಮಾಧಿಗಳ ವಿಷಯ ಹೇಳದೆ ಈ ಓದು ಪೂರ್ತಿಯಾಗದು. ಮೊಸೂಲಿನಲ್ಲಿ ಮುಸ್ಲಿಮರೂ ಕ್ರೈಸ್ತರೂ ಗೌರವಿಸುತ್ತಿದ್ದ ಯೋನನ ಸಮಾಧಿಯ ಮಸೀದಿಯನ್ನು ಐಸಿಸ್ 24 ಜುಲೈ 2014ರಂದು ಸಿಡಿಸಿತು. ಅದರ ಅಡಿಯಲ್ಲಿ ಕಳ್ಳರು ತೋಡಿದ್ದ ಸುರಂಗಗಳೊಳಗೆ ಸನ್ಹೇರೀಬನ ಮಗ ಏಸರ್ಹದ್ದೋನನ ಅರಮನೆಯ ಅವಶೇಷಗಳು ಕಾಣಿಸಿಕೊಂಡವು. ನಹೂಮನ ಸಮಾಧಿಯೆಂದು ಹೇಳುವ ಸ್ಥಳ ಅಲ್ಲಿಂದ ಉತ್ತರಕ್ಕೆ ಅಲ್ಕೋಷ್ ಎಂಬ ಕಲ್ದೀಯ ಕ್ರೈಸ್ತರ ಊರಿನಲ್ಲಿ, ಹಳೆಯ ಯೆಹೂದ್ಯ ಪ್ರಾರ್ಥನಾಮಂದಿರವೊಂದರಲ್ಲಿದೆ. 1948ರ ನಂತರದ ಕೆಲವೇ ವರ್ಷಗಳಲ್ಲಿ ಅಲ್ಲಿನ ಯೆಹೂದ್ಯರು ಇರಾಕನ್ನು ಬಿಟ್ಟು ಹೊರಟಾಗ, ಮಂದಿರವನ್ನು ನೋಡಿಕೊಳ್ಳುವಂತೆ ಕೇಳಿಕೊಂಡು ಬೀಗದ ಕೈಯನ್ನು ಊರಿನ ಕ್ರೈಸ್ತ ಮನೆತನವೊಂದಕ್ಕೆ ಕೊಟ್ಟರು. ನಿನೆವೆ ಬಿದ್ದಾಗ ಚಪ್ಪಾಳೆ ತಟ್ಟಿದ ಪ್ರವಾದಿಯ ಗೋರಿಯನ್ನು ನಿನೆವೆಯ ಹೆಸರು ಹೊತ್ತವರ ಆ ಮನೆತನ ತಲೆಮಾರುಗಳಿಂದ ಗುಡಿಸಿ, ಬಾಗಿಲು ಹಾಕಿ, ತೆರೆದು ನೋಡಿಕೊಂಡು ಬಂದಿದೆ. ಛಾವಣಿ ಕುಸಿಯುತ್ತಿದ್ದ ಆ ಕಟ್ಟಡ ಈಚೆಗೆ ದುರಸ್ತಿಯನ್ನೂ ಕಂಡಿದೆ.